ಸಹಾಯವಾಣಿಗೆ ಕಿವಿ ಇದೆ, ಕಣ್ಣೆಲ್ಲಿ?



‘ದೌರ್ಜನ್ಯ ಸಹಿಸಬೇಡಿ, ಕರೆ ಮಾಡಿ.’ ಅಂಗನವಾಡಿಯ ಗೋಡೆ, ದವಾಖಾನೆಯ ಬಾಗಿಲು, ಬಸ್ ಸ್ಟ್ಯಾಂಡು, ಎಲ್ಲ ಕಡೆ ಈ ಮಾತು ಓದಿದ್ದೇವೆ. ಕೆಳಗೆ ನಂಬರು ಇರುತ್ತದೆ: 181, 112. ಈ ನಂಬರುಗಳು ಯಾರೋ ದಯೆ ತೋರಿ ಕೊಟ್ಟವಲ್ಲ. ಸುಟ್ಟು ಸತ್ತ ಸೊಸೆಯಂದಿರ ಹೆಸರು ಹಿಡಿದು ಹೆಣ್ಣುಮಕ್ಕಳು ವರ್ಷಗಟ್ಟಲೆ ಬೀದಿಯಲ್ಲಿ ನಿಂತ ಮೇಲೆ ಬಂದವು. 181 ಇಡೀ ದೇಶದ ಯೋಜನೆಯಾಗಿ ಜಾರಿಗೆ ಬಂದದ್ದು 2015ರ ಏಪ್ರಿಲ್ 1ರಂದು.

ಆದರೆ ಕರೆ ಮಾಡಿ ಎಂದರೆ ಬಾಯಿಂದ ಹೇಳಿ, ಕಿವಿಯಿಂದ ಕೇಳಿ ಎಂದೇ ಅರ್ಥ. ಹುಟ್ಟಿದಾಗಿನಿಂದ ಕಿವಿ ಕೇಳದ, ಹಾಗಾಗಿ ಬಾಯಿಮಾತನ್ನೂ ಕಲಿಯದ ಹೆಣ್ಣುಮಗಳು ಏನು ಮಾಡಬೇಕು? ಅವಳಿಗೂ ಗಂಡನಿದ್ದಾನೆ, ಅತ್ತೆಯಿದ್ದಾಳೆ, ಒಲೆಯ ಪಕ್ಕ ಸೀಮೆಎಣ್ಣೆಯ ಡಬ್ಬಿಯೂ ಇದೆ. ಇಲ್ಲದಿರುವುದು ನಮ್ಮ ಕಡೆಗೆ ಒಂದು ದಾರಿ.

2011ರ ಜನಗಣತಿಯಲ್ಲಿ ಶ್ರವಣದೋಷವುಳ್ಳವರೆಂದು ದಾಖಲಾದವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ ಸುಮಾರು 2 ಲಕ್ಷ 35 ಸಾವಿರ. ‘ಅಂಥವರು ಎಷ್ಟು ಮಂದಿ ಇದ್ದಾರು ಬಿಡ್ರಿ’ ಎನ್ನುವವರಿಗೆ ಈ ಲೆಕ್ಕ ಸಾಕು. ನಾನು ಹೇಳುವುದು ಇಷ್ಟೆ: ಮಾತಾಡುವವರಿಗೆ ಮಾತ್ರ ತೆರೆದಿರುವ ಸಹಾಯವಾಣಿಯಿಂದ ಹೊಡೆಯುವ ಗಂಡನಿಗೆ ಸಹಾಯವಾಗುತ್ತಿದೆ. ತನ್ನ ಹೆಂಡತಿ ಯಾರಿಗೂ ಹೇಳಲಾರಳು ಎಂಬ ಧೈರ್ಯವನ್ನು ಅವನಿಗೆ ಕೊಟ್ಟಿರುವುದು ನಮ್ಮ ವ್ಯವಸ್ಥೆ.

ಕಿವಿಗೂ ಬೆಲೆ ಕಟ್ಟುವವರು

ನಮ್ಮ ಕಡೆ ಹುಂಡಾ ಮಾತಾಡುವಾಗ ಹುಡುಗಿಯ ಬಣ್ಣಕ್ಕೆ ಇಷ್ಟು, ಓದಿಗೆ ಇಷ್ಟು ಎಂದು ಲೆಕ್ಕ ಹಾಕುವುದು ನಿಮಗೆ ಗೊತ್ತು. ಹುಡುಗಿಗೆ ಕಿವಿ ಕೇಳದಿದ್ದರೆ ಅದಕ್ಕೂ ಒಂದು ಲೆಕ್ಕ. ಐದು ತೊಲೆ ಬಂಗಾರ ಏಳಾಗುತ್ತದೆ, ಸೈಕಲ್ ಮೋಟಾರಿನ ಜೊತೆ ಒಂದೆಕರೆ ಹೊಲವೂ ಸೇರುತ್ತದೆ. ಇಷ್ಟೆಲ್ಲ ತೆಗೆದುಕೊಂಡವರು ಆಮೇಲೆ ಊರಿಗೆಲ್ಲ ಹೇಳುವುದು: ‘ಮೂಕಿನ್ನ ಮಾಡ್ಕೊಂಡು ಪುಣ್ಯಾ ಕಟ್ಕೊಂಡೀವಿ.’ ಪುಣ್ಯದ ಹೆಸರಿನಲ್ಲಿ ನಡೆಯುವ ವ್ಯಾಪಾರಕ್ಕೆ ಮುಗಿತಾಯವಿಲ್ಲ. ಪ್ರತಿ ಹಬ್ಬಕ್ಕೂ ಒಂದು ಹೊಸ ಬೇಡಿಕೆ.

ಅಂಗವಿಕಲರನ್ನು ಮದುವೆಯಾಗುವವರಿಗೆ ರಾಜ್ಯ ಸರ್ಕಾರ 50,000 ರೂಪಾಯಿ ವಿವಾಹ ಪ್ರೋತ್ಸಾಹಧನ ಕೊಡುತ್ತದೆ. ಉದ್ದೇಶ ಒಳ್ಳೆಯದಿರಬಹುದು. ಆದರೆ ಆ ಹಣವನ್ನೂ ಹುಂಡಾದ ಒಂದು ಕಂತು ಎಂದು ಎಣಿಸುವ ಮನೆಯವರನ್ನು ನಾನು ಕಂಡಿದ್ದೇನೆ. ಮದುವೆಗೆ ದುಡ್ಡು ಕೊಡುವ ಸರ್ಕಾರ, ಮದುವೆಯ ನಂತರ ಆ ಹುಡುಗಿ ತನ್ನ ಕಷ್ಟ ಹೇಳಿಕೊಳ್ಳಲು ಒಂದು ದಾರಿ ಏಕೆ ಮಾಡಿಕೊಟ್ಟಿಲ್ಲ?

ಮೂರು ಓಣಿ ದಾಟಲು ಮುನ್ನೂರು ಕಿಲೋಮೀಟರು

ನಮ್ಮ ಕೋಟನೂರಿನಲ್ಲಿ ನಡೆದದ್ದು ಹೇಳುತ್ತೇನೆ. ಆಕೆಯ ಹೆಸರು ಬೇಡ. ತವರು ಕಮಲಾಪುರದ ಕಡೆಯ ಹಳ್ಳಿ. ಚಿಕ್ಕಂದಿನಲ್ಲಿ ಕಿವುಡ ಮಕ್ಕಳ ವಸತಿಶಾಲೆಯಲ್ಲಿ ಕೆಲವು ವರ್ಷ ಇದ್ದಳು. ಅಲ್ಲಿ ಕೈಭಾಷೆ ಕಲಿತಳು, ಅಲ್ಲಿಯ ಗೆಳತಿಯೊಬ್ಬಳು ಈಗ ಹುಬ್ಬಳ್ಳಿಯಲ್ಲಿದ್ದಾಳೆ. ಇಬ್ಬರೂ ದಿನಾ ವಿಡಿಯೊ ಕಾಲ್ ಹಚ್ಚಿ ಕೈಯಲ್ಲೇ ಮಾತಾಡುತ್ತಾರೆ.

2022ರ ಬೇಸಿಗೆಯ ಒಂದು ರಾತ್ರಿ ಗಂಡ ಮತ್ತು ಮೈದುನ ಸೇರಿ ಆಕೆಯನ್ನು ಹೊಡೆದು ಅಡಿಗೆಮನೆಯಲ್ಲಿ ಕೂಡಿ ಹಾಕಿದರು. ತವರಿನಿಂದ ತರಬೇಕಿದ್ದ ಹಣ ಬಂದಿರಲಿಲ್ಲ. ಸೀರೆಯ ಮಡಿಲಲ್ಲಿ ಫೋನಿತ್ತು. ಆಕೆ ಹುಬ್ಬಳ್ಳಿಯ ಗೆಳತಿಗೆ ವಿಡಿಯೊ ಕಾಲ್ ಮಾಡಿದಳು. ಗೆಳತಿಯೂ ಕಿವುಡಿ. ಅವಳು ಓಡಿ ಹೋಗಿ ಪಕ್ಕದ ಮನೆಯವರನ್ನು ಎಬ್ಬಿಸಿದಳು, ಮಗನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು. ಆ ಪುಣ್ಯಾತ್ಗಿತ್ತಿ ಅದನ್ನು ಓದಿ ನಮ್ಮ ಸಂಘದ ನಂಬರಿಗೆ ಫೋನು ಮಾಡಿದಳು. ನಾವು ಹತ್ತು ಮಂದಿ ಹೋಗಿ ಬಾಗಿಲು ತೆಗೆಸಿದೆವು.

ಆಕೆಯ ಮನೆಗೂ ನಮ್ಮ ಸಂಘಕ್ಕೂ ನಡುವೆ ಮೂರೇ ಓಣಿ. ಆಕೆಯ ಕೂಗು ನಮಗೆ ಮುಟ್ಟಿದ್ದು ಮುನ್ನೂರು ಕಿಲೋಮೀಟರಿಗೂ ಆಚೆಯ ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ.

ನಾವು ಒಂದು ಸಹಾಯವಾಣಿಗೂ ಫೋನು ಹಚ್ಚಿದೆವು. ‘ನೊಂದವರ ಕೈಯಾಗೇ ಫೋನ್ ಕೊಡ್ರಿ, ಅವರೇ ಹೇಳ್ಲಿ’ ಎಂದರು. ಆಕೆಗೆ ಕಿವಿ ಕೇಳಿಸದು, ಮಾತು ಬಾರದು ಎಂದೆವು. ‘ಹಂಗಾದ್ರ ಮನಿಯವರ ಕೈಯಾಗ ಕೊಡ್ರಿ’ ಎಂದರು. ಯಾವ ಮನೆಯವರು? ಹೊಡೆದವರೇ ಮನೆಯವರಲ್ಲವೇ?

ಮರುದಿನ ನಗರದ ಒಂದು ಠಾಣೆಗೆ ಹೋದೆವು. ಅಲ್ಲಿ ಮೈದುನನೇ ಮುಂದೆ ಬಂದು ನಿಂತ. ‘ಅಕಿ ಕೈ ಸನ್ನಿ ನನಗ ತಿಳೀತದ ಸಾಹೇಬ್ರ. ಜಾರಿ ಬಿದ್ದೀನಿ ಅಂತಾಳ’ ಎಂದ. ಆಕೆ ತಲೆ ಅಲ್ಲಾಡಿಸುತ್ತಿದ್ದಳು, ಎದೆ ಬಡಿದುಕೊಳ್ಳುತ್ತಿದ್ದಳು, ಮೈದುನನ ಕಡೆ ಬೆರಳು ತೋರಿಸುತ್ತಿದ್ದಳು. ‘ಸಿಟ್ಟು ಬಹಳ ಅಕಿಗೆ’ ಎಂದು ಅವನು ಅದಕ್ಕೂ ಅರ್ಥ ಹೇಳಿದ. ನಾವು ಜಗಳವಾಡಿದ ಮೇಲೆ ಅವನನ್ನು ಹೊರಗೆ ಕಳಿಸಿದರು. ಆಮೇಲೆ ಆಕೆಯ ಸನ್ನೆ ಹೇಳಲು ಕರೆಸಿದ್ದು ಯಾರನ್ನು ಗೊತ್ತೇ? ಆಕೆಯ ಎಂಟು ವರ್ಷದ ಮಗಳನ್ನು. ಅಪ್ಪ ಅವ್ವನ ಕೂದಲು ಹಿಡಿದು ಹೇಗೆ ಎಳೆದ, ಏನೇನು ಮಾಡಿದ ಎಂದು ಆ ಮಗು ತನ್ನ ಬಾಯಿಂದ ಪೊಲೀಸರ ಮುಂದೆ ಹೇಳಬೇಕಾಯಿತು.

ಅಕ್ಕಂದಿರೇ, ಇದು ಆ ಠಾಣೆಯ ಒಬ್ಬ ಅಧಿಕಾರಿಯ ಕೆಟ್ಟತನದ ಕಥೆಯಷ್ಟೇ ಅಲ್ಲ. ಸಂಬಂಧವಿಲ್ಲದ, ಭಾಷೆ ಬಲ್ಲ, ನಂಬಿಕೆಯ ಒಬ್ಬರನ್ನು ನಡುವೆ ನಿಲ್ಲಿಸುವ ಏರ್ಪಾಟು ಇರದ ಕಡೆಯಲ್ಲೆಲ್ಲ ಆ ಜಾಗಕ್ಕೆ ಹೊಡೆದವನು ಬರುತ್ತಾನೆ, ಇಲ್ಲವೆ ಮಗು ಬರುತ್ತದೆ.

ನಡುವೆ ನಿಲ್ಲುವ ಮನುಷ್ಯರು

ಹುಬ್ಬಳ್ಳಿಯ ಆ ಗೆಳತಿ ಮತ್ತು ನೆರೆಮನೆಯಾಕೆ ಸೇರಿ ಆ ರಾತ್ರಿ ಮಾಡಿದ ಕೆಲಸಕ್ಕೆ ಹೊರದೇಶಗಳಲ್ಲಿ ಒಂದು ಹೆಸರಿದೆ: ರಿಲೇ ಸೇವೆ. ಕಿವಿ ಕೇಳದವರು ಟೈಪ್ ಮಾಡುತ್ತಾರೆ, ಅಥವಾ ವಿಡಿಯೊದಲ್ಲಿ ಸನ್ನೆ ಮಾಡುತ್ತಾರೆ. ನಡುವೆ ಕುಳಿತ ಆಪರೇಟರ್ ಅದನ್ನು ಬಾಯಿಮಾತು ಮಾಡಿ ಆ ಕಡೆಯವರಿಗೆ ಹೇಳುತ್ತಾರೆ. ಆ ಕಡೆಯ ಮಾತನ್ನು ಮತ್ತೆ ಬರಹವಾಗಿಯೋ ಸನ್ನೆಯಾಗಿಯೋ ತಿರುಗಿಸುತ್ತಾರೆ. ತಮ್ಮದೊಂದು ಮಾತು ಸೇರಿಸುವಂತಿಲ್ಲ, ಕೇಳಿದ ಗುಟ್ಟನ್ನು ಹೊರಗೆ ಬಿಡುವಂತಿಲ್ಲ.

ಫೋನಿನ ಕಥೆಯೇ ವಿಚಿತ್ರವಾದದ್ದು. 1876ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಮೇಷ್ಟ್ರು. ಅವನ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಹೆಂಡತಿ ಮೇಬಲ್‌ಗೂ ಕೇಳುತ್ತಿರಲಿಲ್ಲ. ಗಂಡ ಮಾಡಿದ ಯಂತ್ರ ಜಗತ್ತನ್ನೆಲ್ಲ ಮಾತಾಡಿಸಿತು, ಆದರೆ ಅದರಲ್ಲಿ ಬರುವ ದನಿ ಹೆಂಡತಿಗೆ ಕೇಳಿಸುವಂತಿರಲಿಲ್ಲ. ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಎಂದು ವಾದಿಸಿದವನೂ ಅವನೇ. ಕಿವುಡರು ಕಿವುಡರನ್ನು ಮದುವೆಯಾಗುವುದು ಒಳ್ಳೆಯದಲ್ಲ ಎಂದು 1883ರಲ್ಲಿ ಪ್ರಬಂಧ ಮಂಡಿಸಿದವನೂ ಅವನೇ. ಕಿವುಡರ ಒಳಿತು ಯಾವುದೆಂದು ಅವರನ್ನು ಕೇಳದೆ ತೀರ್ಮಾನಿಸುವ ಚಾಳಿ ಅಷ್ಟು ಹಳೆಯದು.

ಫೋನನ್ನು ಕಿವುಡರ ಕೈಗೆ ತಂದದ್ದು ಕಿವುಡರೇ. 1964ರಲ್ಲಿ ಅಮೆರಿಕದ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿ, ಕಂಪನಿಗಳು ಬಳಸಿ ಬಿಟ್ಟ ಹಳೆಯ ಟೆಲಿಪ್ರಿಂಟರುಗಳನ್ನು ಫೋನಿಗೆ ಜೋಡಿಸುವ ಸಾಧನ ಮಾಡಿದ. ಆದರೆ ಎರಡೂ ಕಡೆ ಯಂತ್ರವಿದ್ದರೆ ಮಾತ್ರ ಅದರಿಂದ ಉಪಯೋಗ. ದವಾಖಾನೆಗೆ, ಠಾಣೆಗೆ, ತವರಿಗೆ ಮಾತು ತಲುಪಿಸಲು ನಡುವೆ ಮನುಷ್ಯರು ಬೇಕೇ ಬೇಕು. ಬಹಳ ಕಾಲ ಇದು ಸ್ವಯಂಸೇವಕರ ಕೆಲಸವಾಗಿತ್ತು. 1990ರ ಜುಲೈ 26ರಂದು ಅಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂತು. ಮೂರು ವರ್ಷದೊಳಗೆ ದೇಶದ ತುಂಬ ರಿಲೇ ಸೇವೆ ಕೊಡಬೇಕೆಂದು ಫೋನು ಕಂಪನಿಗಳ ಮೇಲೆ ಹೊಣೆ ಹೊರಿಸಿತು. ಬ್ರಿಟನ್ನಿನಲ್ಲಿ 1991ರಲ್ಲಿ ಟೈಪ್‌ಟಾಕ್ ಶುರುವಾಯಿತು.

ಅದೇ 1990ರ ದಶಕದಲ್ಲಿ ನಮ್ಮಲ್ಲಿ ಊರೂರಿಗೆ ಎಸ್‌ಟಿಡಿ ಬೂತು ಬಂದವು. ಬೂತು ಮಂಜೂರು ಮಾಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಕಾಲಿಲ್ಲದವರು, ಕಣ್ಣಿಲ್ಲದವರು ಅದರಿಂದ ಬದುಕು ಕಟ್ಟಿಕೊಂಡರು, ಸಂತೋಷ. ಕಿವಿ ಕೇಳದವರಿಗೆ ಮಾತ್ರ ಆ ಬೂತು ಬರೀ ಗಾಜಿನ ಪೆಟ್ಟಿಗೆ.

‘ವಾಟ್ಸಾಪ್ ಅದಲ್ಲಾ’ ಎನ್ನುವವರಿಗೆ

ಈಗ ಕಾಲ ಬದಲಾಗಿದೆ, ಮೆಸೇಜು ಕಳಿಸಲಿ ಎನ್ನುತ್ತಾರೆ. 112ಕ್ಕೆ ಆ್ಯಪ್ ಇದೆ, ಮೊಬೈಲಿನಲ್ಲಿ ಪ್ಯಾನಿಕ್ ಬಟನ್ ಇದೆ. ಇದನ್ನು ಎಲ್ಲರೂ ತಿಳಿದಿರಬೇಕು: ಸಾದಾ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿಯಬೇಕು, ಸ್ಮಾರ್ಟ್ ಫೋನಾದರೆ ಪವರ್ ಬಟನ್ ಬೇಗ ಬೇಗ ಮೂರು ಸಲ ಒತ್ತಬೇಕು. ಒತ್ತಿದ ಮೇಲೆ? ಆ ಕಡೆಯಿಂದ ವಾಪಸ್ ಫೋನು ಬಂದರೆ ಆಕೆ ಎತ್ತಿಕೊಂಡು ಏನು ಹೇಳುತ್ತಾಳೆ? ಜೀಪು ಬಂದು ಬಾಗಿಲಲ್ಲಿ ನಿಂತರೆ ಮಾತಾಡುವವರು ಯಾರು? ಮತ್ತೆ ಗಂಡನೇ.

ಇನ್ನು ಬರಹ. ಶಾಲೆಯ ಮುಖವನ್ನೇ ಕಾಣದ ಕಿವುಡ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಬಹಳ. ಗಂಡುಹುಡುಗನಾದರೆ ಹಾಸ್ಟೆಲಿಗೆ ಕಳಿಸುತ್ತಾರೆ. ಹುಡುಗಿಯಾದರೆ ‘ಮಾತು ಬಾರದಾಕಿ, ಹೊರಗ ಕಳಿಸೋದು ಬ್ಯಾಡ’ ಎಂದು ದನ ಕಾಯಲು, ಕೂಸು ಹಿಡಿಯಲು ಇಟ್ಟುಕೊಳ್ಳುತ್ತಾರೆ. ಅವರಿಗೆ ಕನ್ನಡ ಓದಲು ಬಾರದು, ಶಾಲೆಯಲ್ಲಿ ಕಲಿಯುವ ಸನ್ನೆ ಭಾಷೆಯೂ ಬಾರದು. ಮನೆಯೊಳಗೆ ಹುಟ್ಟಿದ ನಾಲ್ಕು ಸನ್ನೆಯಲ್ಲೇ ಅವರ ಬಾಳು. ಅವರಿಗೆ ಮೆಸೇಜು ಕಳಿಸಿರೆಂದು ಹೇಳುವುದು ಹಸಿದವರಿಗೆ ಪಂಚಾಂಗ ಕೊಟ್ಟಂತೆ. ವಿಡಿಯೊ ಬೇಕು, ವಿಡಿಯೊದ ಆ ಕಡೆ ಸನ್ನೆ ಬಲ್ಲವರು ಬೇಕು, ಹಳ್ಳಿಯಲ್ಲಿ ಆಕೆಯ ಪಕ್ಕ ನಿಲ್ಲುವವರೂ ಬೇಕು.

ಇನ್ನೊಂದು ಮಾತು. ಕಿವುಡ ಹೆಣ್ಣಿನ ಕೈಯಿಂದ ಫೋನು ಕಸಿದುಕೊಳ್ಳುವುದು ಆಕೆಯ ನಾಲಿಗೆ ಕತ್ತರಿಸಿದ ಹಾಗೆ. ಕೋಟನೂರಿನ ಆ ಮನೆಯಲ್ಲಿ ಮರುದಿನ ಮೊದಲು ಮಾಡಿದ್ದೇ ಅದು. ಆಕೆಯ ಅಂಗವಿಕಲರ ಪಗಾರ ಬರುವ ಬ್ಯಾಂಕ್ ಖಾತೆಗೆ ಜೋಡಿಸಿದ್ದು ಮೈದುನನ ನಂಬರು, ಓಟಿಪಿ ಬರುವುದು ಅವನಿಗೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮೈ ಮೇಲಿನ ಗಾಯವನ್ನು ಮಾತ್ರ ನೋಡುವುದಿಲ್ಲ, ಮಾನಸಿಕ ಹಿಂಸೆ ಮತ್ತು ಆರ್ಥಿಕ ಹಿಂಸೆಯನ್ನೂ ಹೆಸರಿಸುತ್ತದೆ. ಸ್ತ್ರೀಧನವನ್ನೂ ಆಕೆಗೆ ಸೇರಿದ ಇತರ ವಸ್ತುಗಳನ್ನೂ ವಾಪಸ್ ಕೊಡಿಸಲು 19ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಸಂರಕ್ಷಣಾಧಿಕಾರಿ ಬರೆದುಕೊಳ್ಳುವ ಘಟನಾ ವರದಿಯಲ್ಲಿ ‘ಫೋನು ಕಸಿದುಕೊಂಡರು’ ಎಂಬುದನ್ನು ತಪ್ಪದೆ ಬರೆಸಿ.

ಕಾನೂನಿನ ಬಟ್ಟೆಯಲ್ಲೊಂದು ತೂತು

ಸನ್ನೆಯೂ ಸಾಕ್ಷಿ ಎಂಬುದು ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ಕತ್ತು ಕೊಯ್ದದ್ದರಿಂದ ಮಾತಾಡಲಾರದೆ, ಕೇಳಿದ ಪ್ರಶ್ನೆಗಳಿಗೆ ಕೈಸನ್ನೆಯಲ್ಲೇ ಉತ್ತರ ಕೊಟ್ಟು ಸತ್ತ ಹೆಣ್ಣೊಬ್ಬಳ ಸನ್ನೆಯನ್ನು ಅಲಹಾಬಾದ್ ಹೈಕೋರ್ಟು 1885ರಲ್ಲೇ ಮರಣಪೂರ್ವ ಹೇಳಿಕೆ ಎಂದು ಒಪ್ಪಿತು. ಸುಟ್ಟಗಾಯದ ವಾರ್ಡುಗಳಲ್ಲಿ ಮರಣಪೂರ್ವ ಹೇಳಿಕೆಗಾಗಿ ಹೋರಾಡಿದ ನಮಗೆ ಇದರ ಬೆಲೆ ಗೊತ್ತು.

2013ರಲ್ಲಿ ಕ್ರಿಮಿನಲ್ ಕಾನೂನಿಗೆ ತಿದ್ದುಪಡಿ ಬಂತು. ಅತ್ಯಾಚಾರ, ಲೈಂಗಿಕ ಕಿರುಕುಳದಂಥ ಅಪರಾಧಗಳಲ್ಲಿ ನೊಂದವಳು ಅಂಗವಿಕಲೆಯಾಗಿದ್ದರೆ, ಪೊಲೀಸರು ಆಕೆ ಇರುವಲ್ಲಿಗೇ ಹೋಗಬೇಕು, ದುಭಾಷಿ ಅಥವಾ ವಿಶೇಷ ಶಿಕ್ಷಕರ ಎದುರು ದೂರು ಬರೆದುಕೊಳ್ಳಬೇಕು, ವಿಡಿಯೊ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದು ಇದೆ. ಆದರೆ ಆ ಕಲಮುಗಳ ಪಟ್ಟಿಯನ್ನು ಓದಿ ನೋಡಿ. ಹಿಂದೆ 498ಎ ಆಗಿದ್ದ, ಈಗ ನ್ಯಾಯ ಸಂಹಿತೆಯ 85 ಆಗಿರುವ ಗಂಡನ ಮನೆಯ ಕ್ರೌರ್ಯ ಅದರಲ್ಲಿಲ್ಲ. ಹೊರಗಿನವನು ಮೈ ಮುಟ್ಟಿದರೆ ದುಭಾಷಿ, ಗಂಡ ಮೈ ಮುರಿದರೆ ಇಲ್ಲ! ಮನೆಯೊಳಗಿನ ಹಿಂಸೆ ‘ಮನೆ ಜಗಳ’ ಎಂಬ ಹಳೆಯ ನಂಬಿಕೆ ಹೊಸ ಸಂಹಿತೆಯಲ್ಲೂ ಉಳಿದುಬಿಟ್ಟಿದೆ. ಈ ತೂತು ಮುಚ್ಚಬೇಕು.

ಹಾಗೆಂದು ಕೈ ಕಟ್ಟಿ ಕೂರಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 12ನೇ ಕಲಮು, ನ್ಯಾಯಾಲಯಕ್ಕೂ ತನಿಖೆ ಮಾಡುವ ಅಧಿಕಾರವುಳ್ಳ ಸಂಸ್ಥೆಗಳಿಗೂ ಅಂಗವಿಕಲರು ಭೇದವಿಲ್ಲದೆ ಮೊರೆ ಹೋಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಆ ಕಲಮು ಹಿಡಿದು ದುಭಾಷಿಯನ್ನು ಕೇಳಿ. ಹೊಸ ಸಂಹಿತೆಯ ಪ್ರಕಾರ ದೂರನ್ನು ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕವೂ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಿದರಾಯಿತು.

ದುಭಾಷಿ ಇದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ತೋರಿಸಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಅವರು ಸನ್ನೆ ಭಾಷೆಯ ದುಭಾಷಿಯೊಂದಿಗೆ ಸುಪ್ರೀಂ ಕೋರ್ಟಿನಲ್ಲಿ ನಿಂತರು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಲ್ಲಿ, ಗಂಡ ಹೆಂಡತಿಯ ವ್ಯಾಜ್ಯವೊಂದರಲ್ಲಿ ಹೆಂಡತಿಯ ಪರವಾಗಿ ಕೈಯಲ್ಲೇ ವಾದ ಮಂಡಿಸಿದರು. ಹೈಕೋರ್ಟಿನಲ್ಲಿ ಆಗುವುದು ಠಾಣೆಯಲ್ಲಿ ಏಕೆ ಆಗದು?

ದುಡ್ಡು ಎಲ್ಲಿಂದ?

ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಕೇಳುತ್ತಾರೆ. ದುಡ್ಡು ನಮ್ಮ ರೀಚಾರ್ಜಿನಲ್ಲಿದೆ. ಫೋನು ಕಂಪನಿಗಳ ಆದಾಯದ ಒಂದು ಪಾಲು ಸರ್ಕಾರದ ಒಂದು ನಿಧಿಗೆ ಸೇರುತ್ತದೆ. ಫೋನು ಮುಟ್ಟದವರಿಗೆ ಮುಟ್ಟಿಸಲೆಂದೇ ಇಟ್ಟ ನಿಧಿ ಅದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟರು. 2024ರ ಅದರ ನಿಯಮಗಳಲ್ಲಿ ಮಹಿಳೆಯರು, ಅಂಗವಿಕಲರು ಎಂದು ಹೆಸರಿಸಿಯೇ ಹೇಳಿದ್ದಾರೆ. ಕಿವುಡ ಹೆಣ್ಣುಮಗಳು ಇವೆರಡೂ ಹೌದಲ್ಲವೇ? ಅಂಗವಿಕಲರಿಗೆ ದೂರಸಂಪರ್ಕ ಸುಲಭವಾಗಬೇಕೆಂದು ಟ್ರಾಯ್ 2018ರ ಜುಲೈನಲ್ಲೇ ಶಿಫಾರಸು ಮಾಡಿತ್ತು. ಶಿಫಾರಸು ಎಂಬುದು ಕಾನೂನಲ್ಲ. ಡಿಜಿಟಲ್ ಸೇವೆ ಎಲ್ಲರಿಗೂ ಮುಟ್ಟುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ಹೇಳಿತು. ಆ ತೀರ್ಪಿಗೆ ಕಾರಣವಾದವರಲ್ಲಿ ಆ್ಯಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಎಂಬ ಹೆಣ್ಣುಮಗಳೂ ಒಬ್ಬರು. ಹಕ್ಕಿಗಾಗಿ ಹೋದವಳು ನಮ್ಮಂಥವಳೇ.

ನಮ್ಮ ಸಂಘಗಳು ಇಂದೇ ಮಾಡಬೇಕಾದದ್ದು

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಿಲ್ಲ.

1. ನಿಮ್ಮ ಊರಿನಲ್ಲಿ ಕಿವಿ ಕೇಳದ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಪಂಚಾಯ್ತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರ ಜೊತೆ ಕೂತು ಪಟ್ಟಿ ಮಾಡಿ. ಅವರನ್ನು ಸಂಘಕ್ಕೆ ಸೇರಿಸಿಕೊಳ್ಳಿ. ಹೆಬ್ಬೆಟ್ಟು ಒತ್ತಿಸಿಕೊಂಡು ಸಾಲ ಕೊಟ್ಟರೆ ಸಾಲದು, ಸಭೆಯಲ್ಲಿ ಏನು ನಡೆಯಿತೆಂದು ಅವರಿಗೆ ತಿಳಿಸಬೇಕು.

2. ಅವರಿಂದಲೇ ಇಪ್ಪತ್ತು ಸನ್ನೆ ಕಲಿಯಿರಿ. ಹೊಡೆತ, ಬೆಂಕಿ, ವಿಷ, ಗಂಡ, ಅತ್ತೆ, ಹಣ, ತವರು, ದವಾಖಾನೆ, ಪೊಲೀಸ್, ಬೇಡ, ಬೇಗ ಬಾ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ನಿಘಂಟು ಹೊರತಂದಿದೆ. ನಮಗೆ ಇಪ್ಪತ್ತಾದರೂ ಬಾರದಿದ್ದರೆ ಹೇಗೆ?

3. ಪ್ರತಿ ಕಿವುಡ ಸದಸ್ಯೆಗೂ ಇಬ್ಬರು ಜೊತೆಗಾತಿಯರನ್ನು ಗೊತ್ತು ಮಾಡಿ. ರಾತ್ರಿ ಅವಳಿಂದ ವಿಡಿಯೊ ಕಾಲ್ ಬಂದರೆ ಅವರು ಎತ್ತಲೇಬೇಕು. ಫೋನಿಲ್ಲದಾಗ ಕಿಟಕಿಗೆ ಕೆಂಪು ಬಟ್ಟೆ ಕಟ್ಟುವಂಥ ಗುರುತೊಂದನ್ನು ಮೊದಲೇ ಮಾತಾಡಿಕೊಳ್ಳಿ.

4. ಠಾಣೆಯಲ್ಲಾಗಲಿ ದವಾಖಾನೆಯಲ್ಲಾಗಲಿ ಗಂಡನ ಕಡೆಯವರು ಆಕೆಯ ಬಾಯಾಗಲು ಬಿಡಬೇಡಿ. ಮಕ್ಕಳನ್ನೂ ನಿಲ್ಲಿಸಬೇಡಿ. ದುಭಾಷಿ ಬೇಕೆಂದು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಂಗಸರಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

5. ನಮ್ಮ ಘೋಷಣೆ ಬದಲಾಗಲಿ. ‘ಕಿವುಡು ಸರ್ಕಾರಕ್ಕೆ ಧಿಕ್ಕಾರ’ ಎಂದು ಕೂಗುವುದು ಬೇಡ. ಸರ್ಕಾರ ಕಿವುಡಲ್ಲ. ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ, ಬೇಕೆಂದೇ ಸುಮ್ಮನಿದೆ. ಅದರ ಹೊಣೆಗೇಡಿತನಕ್ಕೆ ನಮ್ಮ ಅಕ್ಕ-ತಂಗಿಯರ ಕಿವಿಯನ್ನು ಬೈಗುಳ ಮಾಡಬೇಡಿ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ನಾಲ್ಕೇ. 181 ಮತ್ತು 112ರಲ್ಲಿ ಹಗಲು ರಾತ್ರಿ ಸನ್ನೆ ಭಾಷೆಯ ವಿಡಿಯೊ ರಿಲೇ ಇರಬೇಕು, ಅಲ್ಲಿ ಕಿವುಡ ಹೆಣ್ಣುಮಕ್ಕಳಿಗೇ ಕೆಲಸ ಸಿಗಬೇಕು. ರಿಲೇ ಸೇವೆ ಕೊಡುವುದು ಫೋನು ಕಂಪನಿಗಳ ಕಾನೂನುಬದ್ಧ ಹೊಣೆಯಾಗಬೇಕು, ಡಿಜಿಟಲ್ ಭಾರತ್ ನಿಧಿಯಿಂದ ಅದಕ್ಕೆ ಹಣ ಬರಬೇಕು. ಪ್ರತಿ ಜಿಲ್ಲೆಯ ಸಖಿ ಕೇಂದ್ರದಲ್ಲೂ ಮಹಿಳಾ ಠಾಣೆಯಲ್ಲೂ ಕರೆದ ಕೂಡಲೇ ಬರುವ ದುಭಾಷಿಗಳ ಪಟ್ಟಿ ಇರಬೇಕು. 173ನೇ ಕಲಮಿನ ಪಟ್ಟಿಗೆ ಗಂಡನ ಮನೆಯ ಕ್ರೌರ್ಯ ಸೇರಬೇಕು.

‘ಮೌನ ಮುರಿಯಿರಿ’ ಎಂದು ನಮ್ಮ ಚಳವಳಿ ಎಷ್ಟೋ ವರ್ಷದಿಂದ ಹೇಳುತ್ತ ಬಂದಿದೆ. ಕಿವುಡ ಹೆಣ್ಣುಮಕ್ಕಳು ಮೌನವಾಗಿಲ್ಲ. ಎರಡೂ ಕೈ ಎತ್ತಿ ಹೇಳುತ್ತಲೇ ಇದ್ದಾರೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಲೇಖನವನ್ನು ಒಬ್ಬರು ಗಟ್ಟಿಯಾಗಿ ಓದಿ. ಓದುವಾಗ ಸುತ್ತ ನೋಡಿ. ಕೇಳಿಸದೆ ಕುಳಿತವರು ಯಾರಾದರೂ ಇದ್ದರೆ, ಮೊದಲ ಕೆಲಸ ಅಲ್ಲಿಂದಲೇ ಶುರುವಾಗಲಿ.